ಕೆನಾಲ್ ಗುಂಟ ವೈಫೈ ಹುಡುಕಿದ್ದು

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಕಲ್ಲಿನ ಗೂಡೊಂದಿದೆ. ಅದರಲ್ಲಿ ನನ್ನ ಯಜಮಾನರ ಫೋಟೊ, ಪಕ್ಕದಲ್ಲಿ ವೈಫೈ ಪೆಟ್ಟಿಗೆ, ಕೆಳಗಿನ ಮೊಳೆಗೆ ಅವರ ಕೀಲಿಗೊಂಚಲು. ಅವರು ಕೆನಾಲ್ ಇಲಾಖೆಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರು. ಗೊಂಚಲಿನಲ್ಲಿರುವುದೆಲ್ಲ ಹಳೆಯ ಗೇಟುಗಳ ಕೀಲಿ. ಬೀಗಗಳು ಎಂದೋ ತುಕ್ಕು ತಿಂದು ಹೋದವು, ಕೀಲಿ ಉಳಿದವು. ಮೊದಲ ಸಲ ಮನೆಗೆ ಬಂದವರು ವೈಫೈ ಪೆಟ್ಟಿಗೆಯ ಹಸಿರು ಮಿಣುಕು ನೋಡಿ, ಫೋಟೊಗೆ ಹಚ್ಚಿದ ದೀಪವೆಂದು ತಿಳಿದು ಕೈ ಮುಗಿಯುತ್ತಾರೆ. ನಾನು ಕರೆಕ್ಟ್ ಮಾಡಲು ಹೋಗುವುದಿಲ್ಲ.

ನಾನು ಗುಲ್ಬರ್ಗದ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ಸ್ ಕಲಿಸಿದ ಹಾಗೆ ನ್ಯಾಪ್‌ಕಿನ್ ಮಡಿಚಲು, ‘ಐ ಬೆಗ್ ಯುವರ್ ಪಾರ್ಡನ್’ ಅನ್ನಲು ಚೆನ್ನಾಗಿ ಬರುತ್ತಿತ್ತು. ಮದುವೆಯಾಗಿ ಶಹಾಪುರದ ಕೆನಾಲ್ ಕ್ಯಾಂಪಿಗೆ ಬಂದರೆ ತಗಡಿನ ಕ್ವಾರ್ಟರ್ಸ್, ಎದುರಿಗೆ ಅಗೆದು ಒಟ್ಟಿದ ಕರಿಮಣ್ಣಿನ ಗುಡ್ಡೆ. ನ್ಯಾಪ್‌ಕಿನ್ ಮಡಿಚುವ ಪ್ರಸಂಗವೇ ಬರಲಿಲ್ಲ. ಕೃಷ್ಣೆಯ ನೀರು ಮೊದಲ ಸಲ ಕೆನಾಲಿಗೆ ಬಿಟ್ಟ ದಿನ ಕ್ಯಾಂಪಿನ ಹೆಂಗಸರೆಲ್ಲ ದಂಡೆಯ ಮೇಲೆ ನಿಂತಿದ್ದೆವು. ನೀರಿಗಿಂತ ಮೊದಲು ಅದರ ಮುಂದೆ ಕಸ ಬಂತು, ನೊರೆ ಬಂತು, ಯಾರದೋ ಒಂದು ಹರಿದ ಚಪ್ಪಲಿ ತೇಲುತ್ತ ಬಂತು. “ನೋಡು, ಇನಾಗ್ರೇಶನ್ ಚಪ್ಪಲೀನೇ ಮಾಡ್ತು” ಎಂದು ಯಜಮಾನರು ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ನಾನು ಇಲ್ಲಿಯೇ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ, ರಿಟೈರ್ ಆದೆ. ಅವರು ಹೋದರು. ಊರವರಿಗೆ ಈಗಲೂ ನಾನು ‘ಬಾಯಾರು’. ಇಲ್ಲಿ ಟೀಚರನ್ನು ಕರೆಯುವುದೇ ಹಾಗೆ.

ಎದುರು ಮನೆ ಆಪಾರದು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಆದರೆ ಓಣಿಯೆಲ್ಲ ಆಪಾ, ಅಂದರೆ ಅಕ್ಕ, ಅನ್ನುವುದರಿಂದ ನಾನೂ ಅನ್ನುತ್ತೇನೆ. ಮನೆಯೊಳಗೆ ದಖನಿ ಉರ್ದು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಹೊಲಿಯುವುದು ಅವರ ಉದ್ಯೋಗ. ಅವರ ಸೊಸೆ ಬಿ.ಎಡ್. ಮಾಡಿದವಳು. ಇಂಗ್ಲಿಷ್ ಟೀಚರ್ ಕೆಲಸಕ್ಕೆಂದು ಎರಡು ಕಡೆ ಇಂಟರ್‌ವ್ಯೂಗೆ ಹೋಗಿ, ಇಂಗ್ಲಿಷ್ ಬಾಯಿಗೆ ಬಾರದೆ ಎರಡೂ ಕಡೆ ಬಿದ್ದಿದ್ದಳು. ಹಾಗಾಗಿ ದಿನಾ ಮಧ್ಯಾಹ್ನ ಲೆಕ್ಕವಿಲ್ಲದಷ್ಟು ವಾರ ನಮ್ಮ ಪಡಸಾಲೆಯಲ್ಲಿ ಕುಳಿತು ನನ್ನ ಹತ್ತಿರ ಮಾತು ಕಲಿತಳು. ಮೂರನೆಯದು ಸುರಪುರದ ಒಂದು ವಸತಿ ಶಾಲೆಯ ಕೆಲಸ. ರಿಟನ್ ಟೆಸ್ಟ್ ಪಾಸಾಗಿ ಇಂಟರ್‌ವ್ಯೂ ಉಳಿದಿತ್ತು. ಆಪಾ ಮಾತ್ರ ಮೊದಲೇ ಹೇಳಿಬಿಟ್ಟಿದ್ದರು.

“ನೋಡ್ರಿ ಬಾಯಾರ, ಇದು ಆಖ್ರಿ. ಈ ಸಲ ಆಗ್ಲಿಲ್ಲಂದ್ರ ಸುಮ್ನ ಮಶೀನಿನ ಮುಂದ ಕುಂದ್ರಬೇಕು ಅಕಿ. ನನ್ನ ಮೊಣಕಾಲು ಇನ್ನೆಷ್ಟು ದಿನ ತುಳೀತಾವ?”

ಅದರಲ್ಲಿ ನ್ಯಾಯವಿರಲಿಲ್ಲ ಅನ್ನಲಾರೆ. ಆ ಮೊಣಕಾಲುಗಳು ಊದಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಆ ಹುಡುಗಿ ‘ಥರೋ’ ಅನ್ನುವುದನ್ನು ಬಿಟ್ಟು ‘ಥ್ರೂ’ ಎಂಬ ಶಬ್ದವನ್ನು ನಾಲಿಗೆಗೆ ಒಗ್ಗಿಸಿಕೊಳ್ಳಲು ಪಟ್ಟ ಪಾಡನ್ನೂ ನೋಡಿದ್ದೇನೆ.

ಇಂಟರ್‌ವ್ಯೂ ಆನ್‌ಲೈನಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮಕ್ಕಳಿಗೆ ಪಾಠ ಮಾಡಿದಂತೆ ಡೆಮೊ ತೋರಿಸಬೇಕು, ಲ್ಯಾಪ್‌ಟಾಪಿನಲ್ಲಿಯೇ ಬರಬೇಕು, ಮೊಬೈಲಿನಲ್ಲಿ ಬಂದವರನ್ನು ತೆಗೆದುಕೊಳ್ಳುವುದಿಲ್ಲ, ಹತ್ತು ನಿಮಿಷ ತಡವಾದರೆ ಮುಂದಿನವರನ್ನು ಕರೆಯುತ್ತೇವೆ ಎಂದು ಪತ್ರದಲ್ಲಿ ಬರೆದಿತ್ತು. ಲ್ಯಾಪ್‌ಟಾಪ್ ಇದ್ದದ್ದು ನನ್ನ ಬಳಿ. ನಮ್ಮ ಓಣಿ ಗುಡ್ಡದ ಮಗ್ಗುಲಿಗಿರುವುದರಿಂದ ಮನೆಯೊಳಗೆ ಮೊಬೈಲ್ ಸಿಗ್ನಲ್ ಬಾರದು, ಫೋನ್ ಮಾಡಬೇಕಾದರೆ ಮಾಳಿಗೆ ಹತ್ತಬೇಕು, ಅಲ್ಲಿಯೂ ಮಾತಷ್ಟೇ, ವಿಡಿಯೊ ಬಾರದು. ಅಂದಮೇಲೆ ಗೂಡಿನ ಪೆಟ್ಟಿಗೆಯೊಂದೇ ದಿಕ್ಕು.

ಆ ಪೆಟ್ಟಿಗೆಗೂ ನಮ್ಮಲ್ಲಿ ಪಾಳಿಯುಂಟು. ವೈಫೈ ತಂತಿ ಓಣಿಯಲ್ಲಿ ಮೊದಲು ಬಂದದ್ದು ನನ್ನ ಮನೆಗೆ. ನಾಲ್ಕು ಮನೆಯವರು ಪಾಸ್‌ವರ್ಡ್ ಕೇಳಿದರು, ಕೊಟ್ಟೆ. ಎಲ್ಲರೂ ಒಮ್ಮೆಲೇ ಎಳೆದರೆ ಯಾರಿಗೂ ಬರುವುದಿಲ್ಲ. ಕೆನಾಲಿನ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾವ ಮನೆಗೆ ಯಾವ ಹೊತ್ತು ಎಂದು ಬರೆದು ತೂಗುಹಾಕಿದೆ. ಕೆನಾಲಿನ ತಲೆಗೆ, ಹೆಡ್ಡಿನಲ್ಲಿರುವವರು ನೀರೆಲ್ಲ ಕುಡಿದು ಕೊನೆಯಲ್ಲಿರುವ ಟೇಲ್ ಎಂಡಿನವರ ಹೊಲ ಒಣಗಿಸುವುದನ್ನು ತಡೆಯಲು ಯಜಮಾನರು ಸಂಜೆ ಹೊತ್ತು ಕೆನಾಲ್ ಗುಂಟ ನಡೆಯುತ್ತಿದ್ದರು, ಕದ್ದು ಪಂಪ್ ಹಚ್ಚಿದವರನ್ನು ಹಿಡಿಯಲು. ನಾನು ಚಹಾ ಕುಡಿಯುತ್ತ ಫೋನಿನಲ್ಲಿ ಅದೇ ಕೆಲಸ ಮಾಡುತ್ತೇನೆ. ಪೆಟ್ಟಿಗೆಯಿಂದ ಯಾರು ಯಾರು ನೆಟ್ ಎಳೆಯುತ್ತಿದ್ದಾರೆ ಎಂಬ ಲಿಸ್ಟು ಅದರಲ್ಲಿ ಬರುತ್ತದೆ.

ಇಂಟರ್‌ವ್ಯೂಗೆ ಮೂರು ದಿನವಿರುವಾಗ ರಿಹರ್ಸಲ್ ಮಾಡಿದೆವು. ವಿಡಿಯೊ ಮೇಲಿಂದ ಮೇಲೆ ನಿಂತು ಹುಡುಗಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಯಾರೋ ಕದಿಯುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋದ ಮೇಲೆ ಆ ದಿನದ ಲಿಸ್ಟು ತೆಗೆದರೆ ಎಲ್ಲ ಗೊತ್ತಿದ್ದ ಫೋನುಗಳೇ, ಒಂದನ್ನು ಬಿಟ್ಟು. ಅದಕ್ಕೆ ಹೆಸರಿಲ್ಲ, ಬರೀ ಅಕ್ಷರ, ಅಂಕಿಗಳ ಗೊಂಚಲು. ಎಲ್ಲರಿಗಿಂತ ಹೆಚ್ಚು ಎಳೆದದ್ದೂ ಅದೇ. ಕದ್ದು ಪಂಪ್ ಹಚ್ಚುವವರು ಹೆಸರು ಬರೆದು ಹಚ್ಚುತ್ತಾರೆಯೇ! ‘ಬ್ಲಾಕ್’ ಒತ್ತಿದೆ. ಎಂಥ ಸಮಾಧಾನ. ಆಪಾರಿಗೆ ಕೂಗಿ ಹೇಳಿದೆ: “ಕಳ್ಳನ ಗೇಟ್ ಬಂದ್ ಮಾಡೇನ್ರಿ ಆಪಾ. ಇನ್ನ ನಿಮ್ಮ ಸೊಸಿಗಿ ಫುಲ್ ನೀರು!”

ಎಲೊಕ್ಯೂಶನ್ ಭಾಷಣ ಸ್ಪರ್ಧೆಗೆ ಎರಡು ದಿನ ಮೊದಲು ಪುಸ್ತಕ ಮುಚ್ಚಿಡಬೇಕು ಎಂದು ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ನಾನೂ ಹುಡುಗಿಗೆ ಅದನ್ನೇ ಹೇಳಿದೆ. ಲ್ಯಾಪ್‌ಟಾಪನ್ನು ಎರಡು ದಿನ ತೆರೆಯಲೇ ಇಲ್ಲ.

ಆ ಬೆಳಿಗ್ಗೆ ಹತ್ತೂಕಾಲಿಗೆ ಅವಳು ಬಂದಳು. ಇಸ್ತ್ರಿ ಮಾಡಿದ ದುಪಟ್ಟಾ, ಕೈಯಲ್ಲಿ ಡೆಮೊದ ಚಿತ್ರದ ಹಾಳೆಗಳು. ಹಿಂದಿನಿಂದ ಆಪಾ, ಕೈಯಲ್ಲಿ ಜಪದ ಸರ, ತಸ್ಬೀ. ಸುಣ್ಣದ ಗೋಡೆಯ ಮುಂದೆ ಕುರ್ಚಿ ಹಾಕಿಟ್ಟಿದ್ದೆ. ಲ್ಯಾಪ್‌ಟಾಪ್ ತೆರೆದವಳು ಎರಡು ಸಲ ಲಿಂಕ್ ಒತ್ತಿ ನನ್ನ ಕಡೆ ತಿರುಗಿದಳು.

“ಮೇಡಂ, ನೆಟ್ ಬರವಲ್ದ್ರಿ.”

ವೈಫೈ ಗುರುತೇನೋ ತುಂಬಿಕೊಂಡಿತ್ತು. ಅದರ ಕೆಳಗೆ ‘ನೋ ಇಂಟರ್ನೆಟ್’. ಕಾಲುವೆ ಇದೆ, ನೀರಿಲ್ಲ.

“ಯಾ ಅಲ್ಲಾ!” ಎಂದರು ಆಪಾ. “ಇವತ್ತೇ ಸಾಯಬೇಕಿತ್ತಾ ಇದು?”

ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಇಲ್ಲ. ಫ್ಲೈಟ್ ಮೋಡ್ ಒತ್ತಿಬಿಟ್ಟಿದೆಯೇ ನೋಡಿದೆ. ಒತ್ತಿರಲಿಲ್ಲ. ನಮ್ಮ ವೈಫೈಯನ್ನು ಅದರ ನೆನಪಿನಿಂದ ಅಳಿಸಿ, ಹೊಸದಾಗಿ ಪಾಸ್‌ವರ್ಡ್ ಹಾಕಿಸಿದೆ. ಕನೆಕ್ಟೇನೋ ಆಯಿತು, ಮತ್ತೆ ಅದೇ ‘ನೋ ಇಂಟರ್ನೆಟ್’. ಗೂಡಿನ ಪೆಟ್ಟಿಗೆಯ ವಯರ್ ಕಿತ್ತು, ಹತ್ತರವರೆಗೆ ಎಣಿಸಿ, ಮತ್ತೆ ಚುಚ್ಚಿದೆ. ದೀಪಗಳು ಕೆಂಪಾಗಿ, ಹಸಿರಾಗಿ, ಶಾಂತವಾದವು. ಲ್ಯಾಪ್‌ಟಾಪ್ ಜಪ್ಪಯ್ಯ ಅನ್ನಲಿಲ್ಲ. ಹತ್ತೂವರೆ ದಾಟಿತ್ತು.

ಮಾಳಿಗೆ ಹತ್ತಿ ಕಂಪ್ಲೇಂಟಿನ ನಂಬರಿಗೆ ಫೋನ್ ಮಾಡಿದೆ. ಬಿಸಿಲಿನಲ್ಲಿ ನಿಂತು ಕೇಳಿಸಿಕೊಂಡೆ.

“ಮೇಡಂ, ನಿಮ್ಮ ಲೈನ್ ಎಕ್ದಂ ಬರೋಬ್ಬರಿ ಅದರಿ. ಆಫ್ ಮಾಡಿ ಆನ್ ಮಾಡ್ರಿ.”

“ಮಾಡೇನಪ್ಪಾ. ಮೂರ್ ಸಲ ಮಾಡೇನಿ.”

“ಹಂಗಾದ್ರ ನಾಳಿಗಿ ಟೆಕ್ನಿಶಿಯನ್ ಬರ್ತಾರ್ರಿ.”

“ನಾಳಿಗಿ ಬಂದು ಏನ್ ಮಾಡ್ತಾರ? ಇಂಟರ್‌ವ್ಯೂ ಇವತ್ತು ಹನ್ನೊಂದಕ್ಕ!”

“ಬೆಸ್ಟ್ ಆಫ್ ಲಕ್ ಮೇಡಂ” ಎಂದು ಇಟ್ಟುಬಿಟ್ಟ.

ಕೆಳಗೆ ಬಂದರೆ ಹುಡುಗಿಯ ಕಣ್ಣು ತುಂಬಿದ್ದವು. “ಹೋಗ್ಲಿ ಬಿಡ್ರಿ ಮೇಡಂ. ನನ್ನ ನಸೀಬಿನ್ಯಾಗ ಮಶೀನೇ ಅದ” ಎಂದಳು. ಆಪಾ ತಸ್ಬೀ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಆಗಲೇ ನನಗೆ ಯಜಮಾನರ ಮಾತು ನೆನಪಾದದ್ದು. ಬೇಸಿಗೆಯ ಬೆಳೆಗೆ ನೀರಿಲ್ಲವೆಂದು ಗೋಗಿ ಕಡೆಯ ರೈತರು ಬಂದು ಕೂಗಾಡಿದಾಗಲೆಲ್ಲ ಅವರು ಬೂಟು ಕಳಚಿ, ಪ್ಯಾಂಟು ಮೊಣಕಾಲಿಗೆ ಮಡಿಚಿ ಹೊರಡುತ್ತಿದ್ದರು. ನಾನು ಒಮ್ಮೆ ಕೇಳಿದ್ದೆ, ಹೇಗೆ ಹುಡುಕುತ್ತೀರಿ ಎಂದು.

“ನೀರು ಬರಲಿಲ್ಲಂತ ಟೇಲ್ ಎಂಡಿನ್ಯಾಗ ಕುಂತು ಅಗೀಬಾರದು. ಅಲ್ಲಿಂದ ಮ್ಯಾಲಕ್ಕ ನಡೀಬೇಕು. ಎಲ್ಲಿ ಕಾಲು ತೊಯ್ತಾವೋ ಅಲ್ಲಿ ನಿಲ್ಲಬೇಕು. ತಪ್ಪು ಅದರ ಕೆಳಗಿನ ಗೇಟಿನ್ಯಾಗ ಇರ್ತದ.”

ನಾನು ಅರ್ಧ ಗಂಟೆಯಿಂದ ಟೇಲ್ ಎಂಡಿನಲ್ಲಿ ಕುಳಿತು ಅಗೆಯುತ್ತಿದ್ದೆ.

“ಆಪಾ, ನಿಮ್ಮ ಫೋನಿನ್ಯಾಗ ಬಿರ್ಯಾನಿ ಮಾಡೋದು ನೋಡ್ತೀರಲ್ಲ, ಹಚ್ಚರಿ.”

“ಈಗ? ಬಿರ್ಯಾನಿ? ತಲಿ ಕೆಟ್ಟದೇನ್ರಿ ಬಾಯಾರ?”

“ಹಚ್ಚರಿ ಅಂದ್ರ ಹಚ್ಚರಿ!”

ಬಿರ್ಯಾನಿ ಒಂದು ಕ್ಷಣವೂ ನಿಲ್ಲದೆ ಬೆಂದಿತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲವಾದ್ದರಿಂದ ಅದು ನಮ್ಮ ಪೆಟ್ಟಿಗೆಯ ನೀರೇ. ಕಾಲು ತೊಯ್ದವು. ಹೊರಗಿನ ತಂತಿ ಸರಿ, ಪೆಟ್ಟಿಗೆ ಸರಿ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಗೂಡಿನ ಬಾಯಿಗೇ ಹಿಡಿದೆ. ಆಗಲೂ ಬರಲಿಲ್ಲ. ಅಂದರೆ ದೂರದ ಮಾತೂ ಅಲ್ಲ. ಎಲ್ಲರ ಹೊಲಕ್ಕೂ ನೀರು ಹರಿಯುತ್ತಿದೆ, ಇದೊಂದೇ ಒಣಗಿದೆ. ಹಾಗಿದ್ದರೆ ನಡುವೆ ಯಾರೋ ಗೇಟು ಹಾಕಿದ್ದಾರೆ. ಬೇಕೆಂದೇ ಹಾಕಿದ್ದಾರೆ. ಇಂಥ ಹೊತ್ತಿನಲ್ಲಿ ಯಜಮಾನರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಕೀಲಿ ಯಾರ ಹತ್ತಿರ ಅದ?

ನನ್ನ ಮೂಗಿನ ಮುಂದೆಯೇ ಮೊಳೆಗೆ ಗೊಂಚಲು ತೂಗುತ್ತಿತ್ತು.

ಫೋನ್ ತೆಗೆದೆ. ಬ್ಲಾಕ್ ಆದವರ ಲಿಸ್ಟಿನಲ್ಲಿ ಒಂದೇ ಹೆಸರು, ಆ ಅಕ್ಷರ, ಅಂಕಿಗಳ ಗೊಂಚಲು. ಲ್ಯಾಪ್‌ಟಾಪಿನ ಸೆಟ್ಟಿಂಗಿಗೆ ಹೋಗಿ ಅದರ ಹೆಸರೇನೆಂದು ನೋಡಿದೆ. ಒಂದೊಂದೇ ಅಕ್ಷರ ತಾಳೆ ಹಾಕಿದೆ, ಕಾಪಿ ಕರೆಕ್ಷನ್ ಮಾಡಿದಂತೆ. ಒಂದೂ ತಪ್ಪಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಎಳೆದದ್ದು ಯಾಕೆಂದೂ ಹೊಳೆಯಿತು. ದಿನವಿಡೀ ರಿಹರ್ಸಲ್ ಮಾಡಿದವರು ನಾವೇ. ಟೇಲ್ ಎಂಡಿಗೆ ನೀರು ಮುಟ್ಟಲಿ ಎಂದು ಕಾವಲು ಕುಳಿತವಳು, ಟೇಲ್ ಎಂಡಿನ ತೂಬಿಗೇ ಕಲ್ಲು ಹೆಟ್ಟಿದ್ದೆ. ಓ ಗಾಡ್, ಎಂದೆ. ದೇವರ ಹೆಸರನ್ನು ಹೀಗೆ ಎತ್ತಿದ್ದು ಸಿಸ್ಟರ್ ಕೇಳಿದ್ದರೆ ಬಾಯಿ ತೊಳೆಸುತ್ತಿದ್ದರು.

‘ಅನ್‌ಬ್ಲಾಕ್’ ಒತ್ತಿದೆ.

ಉಸಿರು ಹಿಡಿದು ಎಷ್ಟು ಹೊತ್ತು ನಿಂತೆವೋ. ‘ನೋ ಇಂಟರ್ನೆಟ್’ ಎಂಬುದು ಮಾಯವಾಯಿತು. ಹುಡುಗಿ ಲಿಂಕ್ ಒತ್ತಿದಳು, ಪರದೆಯ ಮೇಲೆ ಅವಳದೇ ಮುಖ ಮೂಡಿತು. “ಬಂತು! ಮೇಡಂ, ಬಂತು!” ಎಂದು ಚೀರಿದಳು. ಗಡಿಯಾರದಲ್ಲಿ ಹನ್ನೊಂದಕ್ಕೆ ಏಳು ನಿಮಿಷ.

“ಏನಾಗಿತ್ರಿ?” ಎಂದರು ಆಪಾ.

“ಆಮ್ಯಾಲ ಹೇಳ್ತೀನಿ. ಒಳಗ ನಡೀರಿ.”

ನಾವಿಬ್ಬರೂ ಅಡುಗೆಮನೆಯಲ್ಲಿ ನೆಲಕ್ಕೆ ಕುಳಿತು ಬಾಗಿಲ ಸಂದಿಗೆ ಕಿವಿ ಕೊಟ್ಟೆವು. ಮೊದಲು ಅವಳ ದನಿ ನಡುಗಿತು. ಕೇಳಿದ್ದಕ್ಕೆಲ್ಲ ಎರಡೆರಡೇ ಮಾತು. ಆಪಾರ ಬೆರಳು ತಸ್ಬೀಯ ಮಣಿಗಳ ಮೇಲೆ ಓಡುತ್ತಿತ್ತು. ಆಮೇಲೆ ಐದನೆಯ ತರಗತಿಗೆ ಪ್ರಿಪೊಸಿಶನ್ ಪಾಠ ಮಾಡಿ ಎಂದರು. ಹಾಳೆ ಮಗುಚಿದ ಸದ್ದು. ಹುಡುಗಿಯ ದನಿ ಒಮ್ಮೆಲೇ ಮೇಲೆದ್ದಿತು.

“ಲುಕ್, ಚಿಲ್ಡ್ರನ್! ದಿ ಬಫೆಲೊ ಈಸ್ ಇನ್ ದಿ ಕೆನಾಲ್. ದಿ ಫಾರ್ಮರ್ ಈಸ್ ಆನ್ ದಿ ಬ್ರಿಜ್. ದಿ ವಾಟರ್ ಈಸ್ ಗೋಯಿಂಗ್ ಅಂಡರ್ ದಿ ಫಾರ್ಮರ್!”

ಆಪಾ ನನ್ನ ತೋಳು ಹಿಡಿದರು. “ಬಫೆಲೊ ಅಂದ್ರ ಎಮ್ಮಿ ಅಲ್ಲೇನ್ರಿ? ನೌಕರಿ ಕೇಳು ಅಂದ್ರ ಎಮ್ಮಿ ಕಾಯಾಕತ್ಯಾಳಲ್ಲ ಇಕಿ!”

“ಸುಮ್ನಿರ್ರಿ ಆಪಾ. ಆ ಎಮ್ಮಿನೇ ನೌಕರಿ ಕೊಡಸ್ತದ.”

“ವೈ ಈಸ್ ದಿ ಫಾರ್ಮರ್ ಶೌಟಿಂಗ್?” ಎಂದು ಇಂಟರ್‌ವ್ಯೂ ಮಾಡುತ್ತಿದ್ದ ಮೂವರಲ್ಲಿ ಒಬ್ಬರು ಲ್ಯಾಪ್‌ಟಾಪಿನೊಳಗಿಂದ ಕೇಳಿದರು. ಚಿತ್ರದಲ್ಲಿ ರೈತನಿಗೆ ಬಾಯಿ ತೆರೆದಂತೆ ಬರೆದಿದ್ದೇನೋ ನಿಜ, ಆದರೆ ಈ ಪ್ರಶ್ನೆ ನಾನು ಕಲಿಸಿದ ಪಾಠದಲ್ಲಿರಲಿಲ್ಲ.

“ಬಿಕಾಸ್, ಸರ್, ದಿ ವಾಟರ್ ಈಸ್ ಗೋಯಿಂಗ್ ಥ್ರೂ ಹಿಸ್ ವಿಲೇಜ್, ಬಟ್ ನಾಟ್ ಇನ್‌ಟು ಹಿಸ್ ಫೀಲ್ಡ್.”

ಆ ಕಡೆ ಮೂವರೂ ಜೋರಾಗಿ ನಕ್ಕರು. ‘ಥ್ರೂ’ ಎಷ್ಟು ಸ್ವಚ್ಛವಾಗಿ ಬಂದಿತ್ತೆಂದರೆ, ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ. ಅರ್ಥವಾಗದಿದ್ದರೂ ಆಪಾ ನನ್ನ ಜೊತೆ ಅತ್ತರು.

ಮುಗಿದ ಮೇಲೆ ಚಹಾ ಕುಡಿಯುತ್ತ ತಪ್ಪೊಪ್ಪಿಕೊಂಡೆ. ಕಾನ್ವೆಂಟಿನ ಅಭ್ಯಾಸ, ಮುಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಹುಡುಗಿ ಕಪ್ಪು ಕೆಳಗಿಟ್ಟು ನಕ್ಕಳು. ಆಪಾ ಮೊದಲು ಕಣ್ಣು ಬಿಟ್ಟು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡರು.

“ಅಯ್ಯ ಬಾಯಾರ! ಕಳ್ಳನ್ನ ಹಿಡದೇನಂತ ಓಣಿ ತುಂಬ ಸಾರಿದ್ರಿ, ಕಟ್ಟಿ ಹಾಕಿದ್ದು ನಿಮ್ಮ ಮನಿ ಎಮ್ಮಿನಾ!”

ಈಗ ಓಣಿಯಲ್ಲಿ ನೆಟ್ ನಿಂತರೆ ನನ್ನನ್ನೇ ಕರೆಯುತ್ತಾರೆ. ನಾನು ಟೇಲ್ ಎಂಡಿನಿಂದ ಮೇಲಕ್ಕೆ ನಡೆಯುತ್ತೇನೆ, ಕೊನೆಗೆ “ಗೇಟ್ ನೀವೇ ಹಾಕೀರೇನ್ ನೋಡ್ಕೋರಿ ಬಾಯಾರ” ಎಂಬ ಮಾತನ್ನು ನಗುತ್ತಲೇ ಕೇಳಿಸಿಕೊಳ್ಳುತ್ತೇನೆ. ಲಿಸ್ಟಿನಲ್ಲಿ ಲ್ಯಾಪ್‌ಟಾಪಿಗೆ ಹೆಸರು ಬದಲಿಸಿದ್ದೇನೆ, ‘ನಮ್ಮ ಹೊಲ’ ಎಂದು.

ಎಂಟು ಹತ್ತು ದಿನ ಬಿಟ್ಟು ಅದೇ ಲ್ಯಾಪ್‌ಟಾಪಿಗೆ ಕೆಲಸದ ಆರ್ಡರ್ ಬಂತು. ಹುಡುಗಿ ಮೊದಲು ತಾನೇ ಓದಿಕೊಂಡಳು, ಆಮೇಲೆ ಅತ್ತೆಗೆ ದಖನಿಯಲ್ಲಿ ಓದಿ ಹೇಳಿದಳು. ಆಪಾ ತಟ್ಟನೆ ಎದ್ದು ತಮ್ಮ ಮನೆಗೆ ಹೋದರು. ಅಸಮಾಧಾನವಾಯಿತೇನೋ ಎಂದು ನಾವಿಬ್ಬರೂ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಎದುರು ಮನೆಯಿಂದ ಪಿಕೋ ಮಶೀನಿನ ಸದ್ದು ಕೇಳಿಸಿತು. ಹುಡುಗಿ ಓಡಿದಳು, ಹಿಂದೆ ನಾನೂ.

ಆಪಾ ಆ ಊದಿದ ಕಾಲಿನಿಂದಲೇ ತುಳಿಯುತ್ತಿದ್ದರು. ಸೂಜಿಯ ಕೆಳಗೆ ಅವರ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಚಿಟ್ಟಿದ್ದ ನೀಲಿ ಸೀರೆ.

“ಅಮ್ಮೀ, ಕಾಲು ನೋಯ್ತದ, ಏಳ್ರಿ. ನಾ ಹೊಲೀತೀನಿ” ಎಂದಳು ಸೊಸೆ.

“ಸರಿ ಆ ಕಡಿ. ಸೋಮವಾರ ಸುರಪುರ ಬಸ್ಸಿಗಿ ಹೋಗೋಳಿಗಿ ಮಶೀನ್ ಮುಟ್ಟೋದೇನದ?” ಎಂದರು ಆಪಾ ತಲೆ ಎತ್ತದೆಯೇ. “ಮೊದಲ ದಿನ ಸಾಲಿಗಿ ಈ ಸೀರಿ ಉಟ್ಟು ಹೋಗು. ಫಾಲ್ ನಾನೇ ಹಚ್ತೀನಿ.”