ಮಂಗಳನ ಮಿಷನ್ನು, ಜಾರೋ ಪೆಡ್ಲು

ಬರ್ಕೋ ಸುಧಾ, ನಾನು ಹೇಳ್ದಂಗೇ ಬರ್ಕೋ. ತಮಿಳಲ್ಲಿ ಓದ್ದೋಳು ನೀನು, ಕನ್ನಡ ಅಕ್ಸರ ನಿಧಾನಕ್ಕೆ ಬತ್ತದೆ. ಆಗ್ಲಿ, ನಂಗೂ ಉಸ್ರು ನಿಧಾನಕ್ಕೇ ಬರೋದು. ನಿಮ್ಮತ್ತಿಗೆ ಮಂಗಳನ ಕತೆ ಇದು. ನೀನು ಆವತ್ತು ಕೃಷ್ಣಗಿರೀಲಿ ಕಾಲೇಜಲ್ಲಿದ್ದೆ, ಇಲ್ಲೇನಾಯ್ತೋ ನಿಂಗೆಲ್ಲಿ ಗೊತ್ತು.

ಮಂಗಳಾ ನಿಮ್ಮಣ್ಣ ಮುನೀಂದ್ರನ ಕೈ ಹಿಡ್ದು ಬಂದಾಗ ಜವಳಗಿರಿಯಿಂದ ಒಂದು ಟ್ರಂಕು, ಒಂದು ಗೋಣಿ ಗಂಟು ತಂದ್ಳು. ಗಂಟಲ್ಲಿ ಏನವ್ವಾ ಅಂದೆ. "ನಮ್ಮಪ್ಪ, ಅಜ್ಜೀ" ಅಂದ್ಳು. ನಾನು ಒಂದೆಜ್ಜೆ ಹಿಂದಕ್ಕೆ ಸರಿದೆ. ಬಿಚ್ಚಿದ್ರೆ ಹೊಲಿಯೋ ಮಿಷನ್ನು. ಸ್ಟ್ಯಾಂಡಿಲ್ಲ, ಬರೀ ಸೂಜಿ ಇರೋ ಮೇಲಿನ ಭಾಗ.

ಅವ್ರಪ್ಪ ಪಾಪಯ್ಯ ಜಗಲಿ ಮ್ಯಾಲೆ ಕೂತು ಊರಿಗೆಲ್ಲ ಹೊಲೀತಿದ್ದ. ಕತ್ಲಾದ್ರೆ ಮಿಷನ್ನು ಬಿಚ್ಚಿ ಒಳೀಕೆ ತಗೊಂಡೋಗಿ, ಹಾಸ್ಗೆ ಪಕ್ಕ ಇಟ್ಕೊಂಡು ಮಲಗ್ತಿದ್ನಂತೆ. ಕಾಡಿನ ಊರು, ಆನೆ ಬರೋ ಜಾಗ. ಒಂದಿನ ಬಂದೇ ಬಂತು. ರಾಗಿ ವಾಸ್ನೆ ಹಿಡ್ಕೊಂಡು ಬಂದಿದ್ದು ಜಗಲಿ ಮ್ಯಾಲೆ ಕಾಲಿಕ್ಬುಡ್ತು. ಕಬ್ಬಿಣದ ಸ್ಟ್ಯಾಂಡು ಹಪ್ಪಳ! ಕಾಲಲ್ಲಿ ತುಳಿಯೋದು, ಕೆಳಗಿನ ದೊಡ್ಡ ಚಕ್ರ, ಎಲ್ಲಾ ಹೋಯ್ತು. ಒಳಗಿದ್ದ ಮಿಷನ್ನು ಉಳ್ಕೊಂತು. ಪಾಪಯ್ಯನೂ ಆಮ್ಯಾಕೆ ಜಾಸ್ತಿ ದಿನ ಉಳೀಲಿಲ್ಲ. ಆನೆಯಿಂದಲ್ಲ, ಸಕ್ಕರೆ ಕಾಯ್ಲೆಯಿಂದ.

ಎಲ್ಲಿದ್ದೆ? ಆಂ, ಮಂಗಳಾ. ಮದ್ವೆ ಆದ್ಮೇಲೆ ಹೊಸೂರು ಕಡೆ ಒಂದು ಗಾರ್ಮೆಂಟ್ಸ್ ಕಂಪ್ನಿಗೆ ಹೋಗ್ತಿದ್ಳು. ಬೆಳಿಗ್ಗೆ ಕಂಪ್ನಿ ಬಸ್ಸು, ಸಂಜೆ ಕಂಪ್ನಿ ಬಸ್ಸು. ಅಲ್ಲಿ ಅವ್ಳ ಕೆಲ್ಸ ಕಾಲರ್ ಹಚ್ಚೋದು. ಬೆಳಿಗ್ಗಿಂದ ಸಂಜೇಗಂಟ ಬರೀ ಕಾಲರ್ರು. "ಅಜ್ಜೀ, ಒಂದು ಪೂರ್ತಿ ಅಂಗಿ ನನ್ ಕಣ್ಣಿಗೆ ಬಿದ್ದೇ ಇಲ್ಲ" ಅಂತ ನಗೋಳು. ನಗ್ತಾ ನಗ್ತಾ ಒಂದಿನ ಬಿಟ್ಬುಟ್ಳು. ಅಪ್ಪನ ಮಿಷನ್ನು ಒಂದು ಮೇಜಿಗೆ ಕೂಡ್ಸಿ, ಕರೆಂಟಿನ ಮೋಟ್ರು ಹಾಕ್ಸಿ, ಮನೇಲೇ ರವಿಕೆ ಹೊಲಿಯಾಕೆ ಕೂತ್ಳು. ಮೋಟ್ರಿಗೆ ಒಂದು ಪೆಡ್ಲು, ಇಷ್ಟಗಲದ್ದು, ವೈರು ಕಟ್ಕೊಂಡು ನೆಲದ ಮ್ಯಾಲೆ ಬಿದ್ದಿರ್ತದೆ. ಕಾಲಲ್ಲಿ ಅಮುಕಿದಷ್ಟೂ ಜೋರಾಗಿ ಓಡ್ತದೆ.

ಹಳೇ ಮನೆ ಸಗಣಿ ನೆಲ ಆಗಿದ್ರೆ ಈ ಕತೇನೇ ಇರ್ತಿರ್ಲಿಲ್ಲ. ಆದ್ರೆ ನಾವು ಹೊಸ ಮನೆ ಕಟ್ಟಿ ಟೈಲ್ಸ್ ಹಾಕ್ಸಿದ್ವಲ್ಲ, ಮುಖ ಕಾಣ್ಸೋ ಅಂಥದ್ದು. ನಾನೇ ಗೋಡೆ ಹಿಡ್ಕೊಂಡು ನಡೀತೀನಿ, ಇನ್ನು ಆ ಪೆಡ್ಲು ನಿಲ್ತದಾ? ಅವ್ಳು ಕಾಲಿಟ್ರೆ ಸರಕ್ಕಂತ ಮುಂದಕ್ಕೋಗದು. ಅವ್ಳು ಕಾಲು ಚಾಚೋಳು. ಅದು ಇನ್ನೂ ಮುಂದಕ್ಕೆ. ಹಿಡಿಯಾಕೋಗಿ ಕಾಲಿನ ಹೆಬ್ಬೆರಳು ಜೋರಾಗಿ ಬಿದ್ರೆ ಮಿಷನ್ನು ಗರ್ರ್ ಅಂತ ಹುಚ್ಚು ಹಿಡ್ದಂಗೆ ಓಡೋದು. ಅಂಗೇ ಒಂದಿನ ಸೂಜಿ ಅವ್ಳ ತೋರುಬೆರಳಿನ ಉಗುರಲ್ಲೇ ಇಳ್ದೋಯ್ತು. ಅವ್ಳು ಕಿರುಚಲಿಲ್ಲ ಕಣೆ. ಅದೇ ನಂಗೆ ಹೆದ್ರಿಕೆ ಆಗಿದ್ದು. ಸುಮ್ನೆ ಬಿಳುಚಿಕೊಂಡು ಬೆರಳು ನೋಡ್ತಾ ಕೂತಿದ್ಳು.

ಆವತ್ತಿಂದ ಪೆಡ್ಲಿಗೆ ಕಾಲಿಡಾಕೇ ಅವ್ಳು ಹಿಂದೆಮುಂದೆ ನೋಡೋಳು. ಮುನೀಂದ್ರ ಅಂದ, "ಸಾಕು ಬುಡು, ಕಂಪ್ನಿಗೇ ಹೋಗು, ಅಲ್ಲಿ ಪೆಡ್ಲು ಸ್ಟ್ಯಾಂಡಿಗೇ ಬಿಗ್ದಿರ್ತದೆ. ಈ ಮಿಷನ್ನು ಬೇಕು ಅಂತ ಒಬ್ರು ಕೇಳ್ತಾವ್ರೆ, ಕೊಟ್ಬುಡಾನ." ಬೈದು ಹೇಳಿದ್ದಲ್ಲ ಪಾಪ, ಹೆದರಿ ಹೇಳಿದ್ದು. ಅವ್ಳು, "ರಾಧಾಮಣಿ ರವಿಕೆ ಒಪ್ಕೊಂಡಿದ್ದೀನಿ. ಅದು ನೆಟ್ಟಗೆ ಆಗ್ಲಿಲ್ಲಾಂದ್ರೆ ಮಾರ್ಬುಡಿ" ಅಂದ್ಳು. ತಗೊಳ್ಳೋರು ರವಿಕೆ ಕೊಡೋ ದಿನ ಸಾಯಂಕಾಲವೇ ಫೋನ್ ಮಾಡ್ತೀವಿ ಅಂದಿದ್ರು.

ರಾಧಾಮಣಿ ಅಂದ್ರೆ ರಾಯಕೋಟೆ ಹುಡ್ಗಿ, ಮದ್ವೆ ಹೆಣ್ಣು. ಮುಹೂರ್ತದ ಹಿಂದಿನ ದಿನ ಬೆಳಿಗ್ಗೇನೇ ಸೋದರಮಾವ ಚೆನ್ನಕೇಶವನ್ನ ಕರ್ಕೊಂಡು ಬಂದ್ಳು. ಇಬ್ರೂ ರವಿಕೆ ತಗೊಂಡು ಅಂಗೇ ಕೃಷ್ಣಗಿರಿ ಬಸ್ಸತ್ತಿ ಛತ್ರ ಸೇರ್ಬೇಕು. ಸೀರೆ ತುದೀಲೇ ಬಂದಿದ್ದ ರವಿಕೆ ತುಂಡು, ಅರಿಶಿಣ ಬಣ್ಣದ ರೇಶ್ಮೆ, ಅಂಚಿಗೆ ಅಂಗೈ ಅಗಲ ಜರಿ. ಆ ತುಂಡು ಕೆಟ್ರೆ ಇನ್ನೊಂದಿಲ್ಲ. ಅದೂ ರೇಶ್ಮೇಲಿ ಸೂಜಿ ಒಂದ್ಸಲ ಇಳೀತು ಅಂದ್ರೆ, ಹೊಲಿಗೆ ಬಿಚ್ಚಿದ್ರೂ ತೂತು ಉಳ್ಕೊಂತದೆ. ಹತ್ತಿ ಬಟ್ಟೆ ಕ್ಷಮಿಸ್ತದೆ, ರೇಶ್ಮೆ ಕ್ಷಮಿಸಲ್ಲ.

ಮಂಗಳಾ ಮೈ ಭಾಗ ಎಲ್ಲಾ ಕೈಯಲ್ಲೇ ಮಿಷನ್ನಿನ ಪಕ್ಕದ ಸಣ್ಣ ಚಕ್ರ ತಿರುಗ್ಸಿ ತಿರುಗ್ಸಿ ಹೊಲ್ದಿದ್ಳು. ಉಳಿದಿದ್ದು ತೋಳು. ತೋಳಿಗೆ ಎರಡು ಕೈಯೂ ಬೇಕು, ಬಟ್ಟೆ ಸುತ್ತಿ ಸುತ್ತಿ ಕೊಡ್ಬೇಕಲ್ಲ. ಪೆಡ್ಲಿಗೆ ಕಾಲಿಡದೆ ಬೇರೆ ದಾರಿ ಇಲ್ಲ.

ಇಟ್ಳು. ಬಲಗಡೆ ತೋಳು ಅರ್ಧಕ್ಕೆ ಬಂದಿತ್ತು, ಪೆಡ್ಲು ಸರಕ್ಕಂತು. ಗರ್ರ್! ರಾಧಾಮಣಿ ಮದರಂಗಿ ಕೈಯಲ್ಲಿ ಬಾಯಿ ಮುಚ್ಕೊಂಡ್ಳು. ಸೂಜಿ ಓಡಿ ಓಡಿ ಜರಿಗೆ ಒಂದು ಅಕ್ಕಿಕಾಳು ದೂರದಲ್ಲಿ ನಿಂತ್ಕೊಂತು. ಹೊರೀಕೆ ಕಾಣ್ದಿರೋ ಒಳಗಿನ ಮಡಿಕೆ ಮ್ಯಾಲೇ ಓಡಿತ್ತು, ಸದ್ಯ. ಮಂಗಳಾ ಆ ತೋಳು ಎಂಗೋ ಮುಗ್ಸಿದ್ಳು. ಹಣೆ ಬೆವ್ರು ರೇಶ್ಮೆ ಮ್ಯಾಲೆ ಬೀಳ್ಬಾರ್ದು ಅಂತ ನಾನು ಸೆರಗಲ್ಲಿ ಒರೆಸ್ತಾ ನಿಂತಿದ್ದೆ.

"ಏನಮ್ಮಾ, ತಾಳಿ ಕಟ್ಟಿದ್ಮೇಲೆ ಕೊಡ್ತೀಯಾ?" ಅಂದ ಚೆನ್ನಕೇಶವ ಜಗಲಿಯಿಂದ. "ಬಸ್ಸು ಹೋದ್ರೆ ನಮ್ಮಕ್ಕ ನನ್ನ ಉರಿದು ಮುಕ್ಬುಡ್ತಾಳೆ."

"ಪೆಡ್ಲು ನಿಲ್ತಿಲ್ಲಣ್ಣ."

"ನಾನೇ ಮೇಜಿನ ಕೆಳಗೆ ಕೂತು ಹಿಡ್ಕೊಳ್ಳಾ?"

"ಹೆಣ್ಮಗಳ ಕಾಲ ಬುಡದಲ್ಲಿ ಕೂತ್ಕೊಂತೀಯೇನ್ಲಾ? ಮೀಸೆ ಬಂದಿರೋದು ಅದಕ್ಕಾ?" ಅಂದೆ. ರಾಧಾಮಣಿ ಪಕ್ಕಂತ ನಕ್ಕು, ಮಂಗಳನ ಮುಖ ನೋಡಿ ಇಟ್ಗೆ ಹುಡುಕಾಕೆ ಎದ್ಳು.

ಪೆಡ್ಲಿನ ಮುಂದೆ ಇಟ್ಗೆ ಇಟ್ವು, ಇಟ್ಗೇನೂ ಜೊತೆಗೇ ಜಾರ್ತು. ದಾರದಲ್ಲಿ ಮೇಜಿನ ಕಾಲಿಗೆ ಕಟ್ಟಿದ್ವು, ಪೆಡ್ಲು ಒಂದು ಪಕ್ಕಕ್ಕೆ ಮಗುಚ್ಕೊಂತು. ಆವಾಗ ಬಂದ್ರು ನಿಮ್ಮ ತಾತ.

ನಿಮ್ಮ ತಾತಂಗೆ ಎತ್ತು ಕಟ್ಟಿ ಬಾವಿ ನೀರೆತ್ತೋ ಕಪಿಲೆ ಹೊಡೆದ ಕಾಲದ ಗ್ಯಾನ. ಬಾವಿ ದಡದಲ್ಲಿ ಚಪ್ಪಡಿ ಕಲ್ಲು ಜಾರ್ತಿದ್ರೆ ಎತ್ತಿನ ಕಾಲ್ಕೆಳಗೆ ಗೋಣಿ ನೆನೆಸಿ ಹಾಸೋರು. ಒಣಗಿದ್ದು ಜಾರ್ತದೆ, ನೆಂದಿದ್ದು ಕಚ್ಕೊಂತದೆ. ಯಾರ್ಗೂ ಒಂದು ಮಾತು ಹೇಳ್ದಂಗೆ ಹೋಗಿ ಗೋಣಿಚೀಲ ತೊಟ್ಟೀಲಿ ಅದ್ದಿ, ಹಿಂಡಿ, ಮಡಿಸಿ, ಪೆಡ್ಲಿನ ಕೆಳಗೆ ಸಿಕ್ಸಿ, "ಈಗ ತುಳಿಯವ್ವಾ" ಅಂದ್ರು. ಮಂಗಳನ ಕಣ್ಣೆಲ್ಲಾ ಎಡಗಡೆ ತೋಳಿನ ಮ್ಯಾಲೆ. ಕೆಳೀಕೆ ನೋಡ್ಲೇ ಇಲ್ಲ, ಬರಿಗಾಲು ಎತ್ತಿದ್ಳು.

ನಾನು ಆ ಕಡೆ ಈಳಿಗೆಮಣೆ ಹಾಕ್ಕೊಂಡು ಬದ್ನೆಕಾಯಿ ಹೆಚ್ಚೋಕೆ ಕೂತಿದ್ದೆ. ಟೈಲ್ಸಿನ ಸಂದೀಲಿ ಒಂದು ಗೆರೆ ನೀರು ನನ್ ಕಡೆ ಹರ್ಕೊಂಡು ಬತ್ತಾ ಐತೆ. ಇದೇನು ನೀರು ಅಂತ ತಲೆ ಎತ್ತಿದೆ. ನೀರಿನ ಆ ತುದೀಲಿ ಪೆಡ್ಲಿನ ಕರೆಂಟು ವೈರು.

"ಇಕ್ಬ್ಯಾಡ ಕಾಲಾ!" ಅಂತ ಅರಚಿದೆ. ಅಷ್ಟು ಜೋರಾಗಿ ನಾನು ಹೆರಿಗೇಲೂ ಅರಚಿರ್ಲಿಲ್ಲ. ಚೆನ್ನಕೇಶವ ಒಂದೇ ನೆಗೆತಕ್ಕೆ ಬಂದು ಸ್ವಿಚ್ಚು ಆರ್ಸಿ, ಪ್ಲಗ್ಗು ಕಿತ್ತಾಕ್ದ. ಮಂಗಳನ ಕಾಲು ಗಾಳೀಲೇ ನಿಂತಿತ್ತು. ನಿಮ್ಮ ತಾತ ಗೋಣಿ ಎತ್ಕೊಂಡು ಎದೆಗೆ ಒತ್ಕೊಂಡು, ಅಂಗಿ ಎಲ್ಲಾ ನೆಂದ್ರೂ ತಿಳೀದೆ ನಿಂತ್ಬುಟ್ರು.

ಮಂಗಳಾ ರವಿಕೆ ಮಡಿಸಿ ರಾಧಾಮಣಿ ತೊಡೆ ಮ್ಯಾಲೆ ಇಟ್ಳು. "ಬೇರೆ ಕಡೆ ತೋಳು ಹಾಕ್ಸ್ಕೊಳ್ಳಮ್ಮಾ. ನನ್ ಕೈಲಾಗಲ್ಲ." ನನ್ ಪಕ್ಕ ಬಂದು ನೆಲದ ಮ್ಯಾಲೆ ಕುಸಿದ್ಳು. "ಅಜ್ಜೀ, ಮಾರ್ಬುಡಾನ. ಅಪ್ಪ ಆನೆಯಿಂದ ಉಳಿಸ್ಕೊಂಡ. ನಾನು ಒಂದು ನೆಲದಿಂದ ಉಳಿಸ್ಕೊಳ್ಳಾಕೆ ಆಗ್ಲಿಲ್ಲ."

ಒಲೆ ಮ್ಯಾಲೆ ಸಾರಿಗೆ ಬೇಳೆ ಕುದೀತಿತ್ತು, ಕೈ ಅದರ ಪಾಡಿಗದು ಬದ್ನೆಕಾಯಿ ಹೆಚ್ತಿತ್ತು. ಅವ್ಳು ತಲೆ ತಗ್ಗಿಸ್ಕೊಂಡು ನೋಡ್ತಾ ಇದ್ದೋಳು, "ಅಜ್ಜೀ" ಅಂದ್ಳು.

"ಏನವ್ವಾ."

"ನಿಮ್ಮ ಮಣೆ ಯಾಕೆ ಜಾರ್ತಿಲ್ಲ? ಅದೇ ಟೈಲ್ಸು."

"ಜಾರಿದ್ರೆ ನನ್ ಕೈ ಹೋಗ್ತಿರ್ಲಿಲ್ವಾ? ಮಣೆ ಮ್ಯಾಲೆ ನನ್ ಕಾಲೈತೆ ನೋಡು, ನನ್ ಭಾರವೆಲ್ಲಾ ಅದ್ರ ಮ್ಯಾಲೇ."

ಅವ್ಳು ನನ್ ಕಾಲೇ ನೋಡಿದ್ಳು. ಆಮ್ಯಾಕೆ ಪೆಡ್ಲು ನೋಡಿದ್ಳು. ಆಮ್ಯಾಕೆ ತಾನು ಕೂತ್ಕೊಳ್ಳೋ ಕುರ್ಚಿ ನೋಡಿದ್ಳು. ಎದ್ದೋಳೇ ಕೊಟ್ಗೆ ಕಡೆ ಓಡಿದ್ಳು. ಹಳೇ ಮನೆ ಕೆಡವಿದಾಗ ಹಿತ್ತಲ ಬಾಗ್ಲು ಒಂದನ್ನ ನಿಮ್ಮ ತಾತ ಎಸೀದಂಗೆ ಅಲ್ಲಿ ಒರಗ್ಸಿದ್ರು. ತಲೆಬಾಗ್ಲಾಗಿದ್ರೆ ನಾನು ತುಳಿಯಾಕೆ ಬಿಡ್ತಿರ್ಲಿಲ್ಲ, ಅದಕ್ಕೆ ಅರಿಶಿಣ ಕುಂಕುಮ ಇಕ್ಕಿದ್ದೀವಿ. ಹಿತ್ತಲ ಬಾಗ್ಲಿಗೇನು, ಕೋಳಿ ಓಡಾಡ್ಕೊಂಡಿದ್ವು.

"ಚೆನ್ನಕೇಶವಣ್ಣಾ, ಒಂದು ಕೈ ಕೊಡಿ!"

ಇಬ್ರೂ ಹೊತ್ಕೊಂಡು ಬಂದ್ರು. ನಾನು ನೆಲ, ಪೆಡ್ಲು, ವೈರು, ಎಲ್ಲಾದ್ರ ನೀರೂ ಒಂದು ಹನಿ ಬಿಡ್ದಂಗೆ ಒರೆಸ್ದೆ, ಎರಡು ಸಲ ಒರೆಸ್ದೆ. ಬಾಗ್ಲು ನೆಲಕ್ಕೆ ಹಾಸಿದ್ರು, ಅರ್ಧ ಮೇಜಿನ ಕೆಳಗೆ, ಅರ್ಧ ಈಚೆ. ಈಚೆ ಅರ್ಧದ ಮ್ಯಾಲೆ ಕುರ್ಚಿ. ಆಚೆ ಕಡೆ, ಬಾಗ್ಲಿನ ಅಡ್ಡಪಟ್ಟಿ ಉಬ್ಕೊಂಡಿರ್ತದಲ್ಲ, ಅದಕ್ಕೆ ತಾಗಿಸಿ ಪೆಡ್ಲು. ಇನ್ನು ಜಾರ್ಬೇಕು ಅಂದ್ರೆ ಪೆಡ್ಲು, ಬಾಗ್ಲು, ಕುರ್ಚಿ, ಮಂಗಳಾ, ಎಲ್ಲಾ ಒಟ್ಟಿಗೇ ಜಾರ್ಬೇಕು.

"ಅಮ್ಮಾ, ಬಸ್ಸು..." ಅಂತ ಬಾಯಿ ತೆಗ್ದ ಚೆನ್ನಕೇಶವ.

"ಮಾವಾ, ನೀನು ಸುಮ್ಕಿರು" ಅಂದ್ಳು ರಾಧಾಮಣಿ. ರವಿಕೆ ತಾನೇ ತಂದು ಮಂಗಳನ ಕೈಗೆ ಕೊಟ್ಳು.

ಪ್ಲಗ್ಗು ಹಾಕಿದ್ರು. ಮಂಗಳಾ ಬೆರಳ ಗಾಯ ಸೆರಗಿಗೆ ಒರೆಸ್ಕೊಂಡು ರೇಶ್ಮೆ ಹಿಡಿದ್ಳು. ಕಾಲಿಟ್ಳು. ನಾನು ಸೂಜಿ ನೋಡ್ಲಿಲ್ಲ ಕಣೆ, ಪೆಡ್ಲನ್ನೇ ನೋಡ್ತಿದ್ದೆ. ಅಮುಕಿದ್ಳು. ಅಡ್ಡಪಟ್ಟಿ ಕಿರ್ ಅಂತು. ಪೆಡ್ಲು ಇದ್ದಲ್ಲೇ ಇತ್ತು. ಟಕ್, ಟಕ್, ಟಕ್. ಒಂದೊಂದೇ ಹೊಲಿಗೆ. ಕಂಕುಳ ಹತ್ರ ಬಂತು, ಜರಿ ಶುರುವಾಗೋ ಜಾಗ. ಅಲ್ಲಿ ನಿಲ್ಸಿದ್ಳು. ಕಾಲೆತ್ತಲಿಲ್ಲ, ಅಮುಕೋದು ಸಡಿಲ ಬಿಟ್ಟು ನಿಲ್ಸಿದ್ಳು ಅಷ್ಟೇ. ಅದು ಅವ್ಳು ಹೇಳ್ದಂಗೆ ನಿಂತ್ಕೊಂತು! ಉಸ್ರು ತಗೊಂಡು ಮತ್ತೆ ಅಮುಕಿದ್ಳು. ಜರಿ ಮ್ಯಾಲೆ ಸೂಜಿ ಹಿರೀಕರು ಹೊಸಿಲು ದಾಟ್ದಂಗೆ ಮೆಲ್ಲಗೆ ದಾಟಿ, ಸುತ್ತು ಮುಗ್ಸಿ, ಶುರುವಾದ ಕಡೇಗೇ ಬಂದು ಸೇರ್ಕೊಂತು.

ದಾರ ಕತ್ತರಿಸಿದ್ಳು. ತಿರುಗ್ಸಿ ನೋಡಿದ್ಳು. ಒಂದು ತೂತಿಲ್ಲ.

ರಾಧಾಮಣಿ ಒಳಗೋಗಿ ತೊಟ್ಕೊಂಡು ಬಂದ್ಳು. ಚೆನ್ನಕೇಶವ ಕಣ್ಣೊರೆಸ್ಕೊಂಡು, "ಧೂಳು" ಅಂದ. "ಆಮೇಲೆ ಅಳು ಮಾವಾ, ಬಸ್ಸು!" ಅಂತ ಅವ್ಳೇ ಅವನ್ನ ಎಳ್ಕೊಂಡೋದ್ಳು.

ನಿಮ್ಮ ತಾತ ಮೂಲೇಲಿ ಕೂತಿದ್ರು. ಮಂಗಳಾ ಒಂದು ಒಣಗಿದ ಟವಲ್ಲು ತಂದು ಅವ್ರ ಹೆಗಲ ಮ್ಯಾಲೆ ಹಾಕಿದ್ಳು. "ತಾತಾ, ಬಾಗ್ಲು ಎಸೀದಂಗೆ ಇಟ್ಟಿದ್ರಲ್ಲ, ಅದಕ್ಕೇ ಆಗಿದ್ದು ಇದೆಲ್ಲಾ" ಅಂದ್ಳು. ಅಷ್ಟಂದ್ಮೇಲೇ ಅವ್ರು ಊಟಕ್ಕೆ ಎದ್ದಿದ್ದು.

ಸಾಯಂಕಾಲ ಮುನೀಂದ್ರ ಕೆಲ್ಸ ಮುಗ್ಸಿ ಬರೋ ಹೊತ್ಗೆ, ಇವ್ಳು ಪಕ್ಕದ ಮನೆಯೋರ ರವಿಕೆ ಒಂದು ಶುರು ಮಾಡ್ಬುಟ್ಟಿದ್ಳು. ಅವ್ನು ಹೊಸಿಲಲ್ಲೇ ನಿಂತು ನೆಲದ ಮ್ಯಾಲಿನ ಬಾಗ್ಲು ನೋಡ್ತಾ ಇದ್ದ, ಅಷ್ಟ್ರಲ್ಲಿ ಫೋನು ಬಂತು. ಮಿಷನ್ನು ಕೇಳಿದ್ದೋರು. ಅವ್ನು ಫೋನು ಇವ್ಳ ಮುಂದೆ ಹಿಡ್ದ.

ಮಂಗಳಾ ತಲೆ ಎತ್ತಲಿಲ್ಲ.

"ಅಜ್ಜೀ, ನೀವೇ ಹೇಳ್ಬುಡಿ ಅವ್ರಿಗೆ. ನನ್ ಕಾಲು ಖಾಲಿ ಇಲ್ಲ."