ಬಸ್‌ಸ್ಟ್ಯಾಂಡ್ ಹೋಟೆಲಿನ ಟಿವಿ

ಬೇಲೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು, ಯಜಮಾನ ಶಿವಣ್ಣ, ಅರೇಹಳ್ಳಿಯ ಮುದುಕ ರಂಗಪ್ಪನವರು ಇದ್ದೆವು. ಬೆಳಿಗ್ಗೆ ಬಿಕ್ಕೋಡಿನ ಹತ್ತಿರ ತೋಟದಾಳುಗಳ ಜೀಪು ಉರುಳಿ, ಅದನ್ನು ಓಡಿಸುತ್ತಿದ್ದ ರಂಗಪ್ಪನವರ ಮಗನನ್ನು ಹಾಸನದ ಆಸ್ಪತ್ರೆಗೆ ಒಯ್ದಿದ್ದರು. ಅವರು ಹಾಸನದ ಬಸ್ಸಿಗೆ ಕಾಯುತ್ತಿದ್ದರು. ಗೋಡೆಯ ಟಿವಿಯಲ್ಲಿ, ಯಾವುದೋ ಅಂಗಡಿಯ ಕ್ಯಾಮೆರಾಕ್ಕೆ ಸಿಕ್ಕ ಆ ಜೀಪು ಮತ್ತೆ ಮತ್ತೆ ಉರುಳುತ್ತಿತ್ತು.

ಶಿವಣ್ಣ ರಿಮೋಟಿಗೆ ಕೈಹಾಕಿದ. "ಇರ್ಲಿ ಬಿಡ್ಲಾ, ಮಗನ ವಿಷ್ಯ ಹೇಳಿದ್ರೂ ಹೇಳ್ತಾರೆ" ಎಂದು ರಂಗಪ್ಪನವರು ನನ್ನತ್ತ ತಿರುಗಿದರು.

"ಅರವತ್ತೆಂಟರಲ್ಲಿ ನಾನು ದಿಲ್ಲೀಲಿ ಅಡುಗೆ ಕೆಲ್ಸಕ್ಕಿದ್ದೆ ಕಣ್ರೀ. ಆಗ್ಲೇ ಅಲ್ಲಿ ಟಿವಿ ಇತ್ತು. ಹಗಲು ಇಸ್ಕೂಲ್ ಮಕ್ಕಳಿಗೆ ಪಾಠ, ಸಂಜೆ ಬೇಸಾಯದ ಮಾತು, ಹಾಡು, ಒಂದೇ ಸಲ ವಾರ್ತೆ. ಕೊನೇಲಿ ಅದರೊಳಗಿನ ಆಯಮ್ಮ ನಮಸ್ಕಾರ ಅಂದ್ರೆ ನಾವೂ ಎದ್ದು ಕೈಮುಗೀತಿದ್ವಿ. ಆಮೇಲೆ ಪರದೆ ಕಪ್ಪು. ಇವ್ರು ನೋಡಿ, ಇಡೀ ದಿನ ಉರುಳುಸ್ತಾರೆ."

"ಆಯಮ್ಮಂಗೆ ನೀವು ಕಾಣ್ತಿದ್ರಾ ತಾತ?" ಎಂದ ಶಿವಣ್ಣ.

"ಕಾಣ್ದಿದ್ರೇನ್ಲಾ, ಹೊರಟೋರಿಗೆ ಕೈಮುಗೀಬೇಡ್ವಾ?"

ಅಷ್ಟರಲ್ಲಿ ಪರದೆಯ ಕೆಳಗೆ 'ಗಾಯಗೊಂಡಿದ್ದ ಜೀಪ್ ಚಾಲಕ ಸಾವು' ಎಂಬ ಸಾಲು ಹರಿಯಿತು. ಶಿವಣ್ಣ ಟಿವಿ ಆರಿಸಿದ. ರಂಗಪ್ಪನವರು ಎದ್ದು ನಿಂತು ಕಪ್ಪು ಪರದೆಗೆ ಕೈಮುಗಿದರು.

ಹಾಸನದ ಬಸ್ಸು ಬಂದಾಗ ಶಿವಣ್ಣ ಹೋಟೆಲಿನ ಬಾಗಿಲೆಳೆದು ಅವರ ಜೊತೆ ಹತ್ತಿದ.