ಸರ್ ಓದಿ ಹೇಳುತ್ತಿದ್ದ ತಿಥಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಸಣ್ಣವರಿದ್ದಾಗ ಕಬ್ಬು ಕಡಿಯುವ ಕುಡಗೋಲು ತಾಗಿತ್ತಂತೆ. ಆ ಸೀಳಿನಲ್ಲಿ ಸೀಮೆಸುಣ್ಣದ ಪುಡಿ ಕೂತು, ಎಷ್ಟು ತೊಳೆದರೂ ಬಿಳಿ ಗೆರೆಯೊಂದು ಉಳಿದಿರುತ್ತಿತ್ತು. ಶಿರಗುಪ್ಪಿ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ನಮ್ಮ ಓಣಿಯವರೇ. ಓಣಿಗೆಲ್ಲ ಸರ್.

ಸರ್‌ಗೆ ದೇವರಿರಲಿಲ್ಲ. ಮುಹೂರ್ತ, ರಾಹುಕಾಲ ಯಾವುದೂ ಇರಲಿಲ್ಲ. ಮನೆಯ ಪಾಯ ತೆಗೆಸಿದ್ದು ರವಿವಾರ, ಅಂದು ಶಾಲೆಗೆ ರಜೆ ಎಂಬ ಒಂದೇ ಕಾರಣಕ್ಕೆ. ದಿನಾ ಹಲಗೆಯ ಮೂಲೆಯಲ್ಲಿ ತಾರೀಖು ಬರೆದೇ ಪಾಠ ಶುರು. ಒಂಬತ್ತನೇ ಇಯತ್ತೆಯಲ್ಲಿ ನಾನೊಮ್ಮೆ ಎದ್ದು ನಿಂತು ಕೇಳಿದ್ದೆ: “ಸರ್, ನೀವು ದೇವರಿಲ್ಲ ಅಂತೀರಿ. ಮತ್ತ ದಿನಾ ಯೇಸು ಹುಟ್ಟಿದಾಗಿಂದ ಎಣಿಸಿದ ವರ್ಷ ಯಾಕ ಬರೀತೀರಿ?”

ಅವರು ನಕ್ಕರು. “ಹೌದವಾ, ಎಣಿಕಿ ಅವರದ. ವಾರದ ಹೆಸರರ ನೋಡು, ಸೋಮ, ಮಂಗಳ, ಶನಿ, ಅವೂ ದೇವರ. ಎಲ್ಲಾ ಬಿಟ್ಟು ನಾನೊಬ್ಬನ ಬ್ಯಾರೆ ವಾರ ಮಾಡಿಕೊಂಡರ ಸಂತಿಗೆ ಯಾರ ಜೋಡಿ ಹೋಗ್ಲಿ?”

ಪಠ್ಯದಲ್ಲಿ ಕ್ರಿ.ಶ. ಹೋಗಿ ಸಾ.ಶ., ಅಂದರೆ ಸಾಮಾನ್ಯ ಶಕ, ಬಂದಾಗ ಅವರ ನಿವೃತ್ತಿ ಹತ್ತಿರವಿತ್ತು. ನಾನೂ ಅದೇ ಶಾಲೆಯಲ್ಲಿ ಕಲಿಸತೊಡಗಿದ್ದೆ. ಇದು ನಿಮಗೆ ಹಿಡಿಸಿರಬೇಕಲ್ಲ ಸರ್, ಎಂದೆ. “ಹೆಸರಷ್ಟ ಬದಲಾತು, ಎಣಿಕಿ ಅಲ್ಲಿಂದನ ಐತಿ” ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಗಲೇ ಬಹಳ ದಣಿದಿದ್ದರು. ಹಿಂದಿನ ಮಳೆಗಾಲದಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು.

ಹೆಂಡತಿಯ ತಾಯಿ ಮೊದಲಿನಿಂದ ಅವರ ಮನೆಯಲ್ಲೇ ಇದ್ದಳು. ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿಗೆ ಮಗಳು ಹೋದದ್ದು ಆಷಾಢ ಬಹುಳ ಪಂಚಮಿ. ಸರ್‌ಗೆ ಜುಲೈ ಇಪ್ಪತ್ತನಾಲ್ಕು. ಮರುವರ್ಷ ಪಂಚಮಿ ಹನ್ನೊಂದು ದಿನ ಮೊದಲೇ ಬಂತು. ಗೋಡೆಯ ಮರಾಠಿ ಕ್ಯಾಲೆಂಡರ್ ನೋಡಿ ಆಯಿ ಅಂದು ಉಪವಾಸವಿದ್ದಳು. ಸರ್ ತಮ್ಮ ತಾರೀಖಿಗೆ ಹಿತ್ತಲ ಬೇವಿನಡಿ ಸುಮ್ಮನೆ ಕೂತರು. ಒಂದೇ ಸಾವಿಗೆ ಆ ಮನೆಯಲ್ಲಿ ಎರಡು ದಿನ.

ಕೆಲವು ವರ್ಷಗಳಲ್ಲಿ ಆಯಿಯ ಕಣ್ಣು ಮಂಜಾದವು. ಪಂಚಮಿ ಯಾವತ್ತು ಎಂದು ಅಳಿಯನನ್ನೇ ಕೇಳಿದಳು. ಸರ್ ಸಿಡುಕಿದರು: “ಅತ್ತೀ, ಇಪ್ಪತ್ತನಾಲ್ಕನೇ ತಾರೀಕ ಬಂದಾಗ ನಾ ಹೇಳತೀನಿ. ಈ ತಿಥಿ ಗಿಥಿ ನನ್ನ ಕೇಳಬ್ಯಾಡ್ರಿ.”

ಮುಂದೊಂದು ದಿನ ಆಯಿ ನನ್ನ ಅವ್ವನನ್ನು ಕೇಳಿದಾಗ, ಪಂಚಮಿ ಕಳೆದು ನಾಲ್ಕು ದಿನವಾಗಿತ್ತು. ಆಯಿ ಸಿಟ್ಟಾಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು, “ಅವತ್ತ ನಾ ಎರಡ ಸರ್ತಿ ಉಂಡೀನಲ್ಲಬೇ” ಎಂದಳಷ್ಟೆ. ಸರ್ ಬಾಗಿಲಲ್ಲಿ ನಿಂತಿದ್ದರು. ಕೇಳಿಸಿಕೊಂಡು ಒಳಗೆ ಹೋದರು.

ಮರುದಿನ ಕಾಗವಾಡದ ಪುಸ್ತಕದಂಗಡಿಯಲ್ಲಿ ಅವರು ಪಂಚಾಂಗ ಕೊಳ್ಳುತ್ತಿರುವುದನ್ನು ಕಂಡೆ. ನಾನು ಕಂಡೆನೆಂದು ಅವರಿಗೆ ನಾಚಿಕೆಯಾಯಿತೋ ಏನೋ.

“ನಂಬಿಕಿ ಬಂತಂತ ತಿಳೀಬ್ಯಾಡ” ಎಂದರು. “ವಾದ ಮಾಡಿ ಮಾಡಿ ದಣದೀನವಾ. ಹೋದಾಕಿ ಅಕಿ ಮಗಳು. ಯಾವ ದಿನ ಅಳಬೇಕಂತ ಅಕಿಗೆ ನಾ ಹ್ಯಾಂಗ ಹೇಳ್ಲಿ?”

ಅಂದಿನಿಂದ ದಿನಾ ಬೆಳಿಗ್ಗೆ ಆಯಿಯ ಮಂಚದ ಹತ್ತಿರ ಕೂತು ತಿಥಿ ಓದಿ ಹೇಳುತ್ತಿದ್ದರು. ಹಾಜರಿ ಕೂಗುವ ಅದೇ ದನಿ, ಭಕ್ತಿ ಎಳ್ಳಷ್ಟೂ ಇಲ್ಲ. ಒಂದು ದಿನವೂ ತಪ್ಪಿಸಲಿಲ್ಲ. ಜುಲೈ ಇಪ್ಪತ್ತನಾಲ್ಕಕ್ಕೆ ಮಾತ್ರ ಬೇವಿನಡಿ ಒಬ್ಬರೇ.

ಹೋದ ಜನವರಿಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಅವರಿಚ್ಛೆಯಂತೆ ಯಾವ ವಿಧಿಯನ್ನೂ ಮಾಡಲಿಲ್ಲ. ಸರ್ ಅವರ ಮಗಳು, ಅಳಿಯ ಈಗ ಆ ಮನೆಗೆ ಬಂದಿದ್ದಾರೆ. ಬೆಳಿಗ್ಗೆ ಅವರಿಗೆ ಕೆಲಸಕ್ಕೆ ಹೋಗುವ ಅವಸರ. ತಿಥಿ ಓದುವುದು ನನ್ನ ಪಾಲಿಗೆ ಬಂದಿದೆ. ನನಗೆ ಓದಲು, ಎದ್ದು ನಿಂತು ಕೇಳಲು ಕಲಿಸಿದವರಿಗೆ ನಾನು ಮಾಡುತ್ತಿರುವುದು ಇಷ್ಟೇ.

ವರ್ಷ ತುಂಬುತ್ತ ಬಂದಾಗ ಆಯಿ ಕೇಳಿದಳು, “ಮಾಸ್ತರ ಹೋಗಿದ್ದ ಯಾವತ್ತ ಬೇ?”

ನಾನು ಮೊದಲೇ ಹುಡುಕಿಟ್ಟುಕೊಂಡಿದ್ದೆ. ಪುಷ್ಯ ಮಾಸ ಎಂದು ಶುರು ಮಾಡುವಷ್ಟರಲ್ಲಿ ಕೈಯಾಡಿಸಿ ತಡೆದಳು.

“ಅದ ಬ್ಯಾಡ. ತಾರೀಕ ಹೇಳ. ಅವರಿಗೆ ಅದ ಬೇಕಾಗಿತ್ತು.”

ಹೇಳಿದೆ. ಮರೆಯಬಾರದೆಂದು “ಜನವರಿ ಒಂಬತ್ತು, ಜನವರಿ ಒಂಬತ್ತು” ಎಂದು ಎರಡು ಸಲ ಅಂದುಕೊಂಡಳು. ಆಮೇಲೆ ಗೋಡೆಯ ಕಡೆ ಹೊರಳುತ್ತ ಅಂದಳು:

“ಅವತ್ತ ನಾ ಉಣ್ಣಂಗಿಲ್ಲ.”